ತಿರುಳು ಒಂದು, ವಿತರಣೆ ಹಲವು

ಮನೆಯ ಮೂಲೆಯಲ್ಲಿ ಎಂಟು ಹತ್ತು ವರ್ಷ ಹಳೆಯದಾದ ಗಣಕಯಂತ್ರವೊಂದಿದೆ ಎಂದು ಭಾವಿಸೋಣ. ಅದರ ಭಾಗಗಳಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ನಡೆಸುವ ವ್ಯವಸ್ಥೆಯನ್ನು ರಚಿಸಿದವರು ಅದರ ಪೋಷಣೆಯನ್ನು ನಿಲ್ಲಿಸಿಬಿಟ್ಟಿದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿದಾಗ ಇಂಥ ಅನೇಕ ಯಂತ್ರಗಳು ಒಮ್ಮೆಗೇ ಈ ಸ್ಥಿತಿಗೆ ಬಂದವು. ಹೊಸದನ್ನು ಕೊಳ್ಳಲು ಹಣವಿಲ್ಲದ ವಿದ್ಯಾರ್ಥಿಯು ಏನು ಮಾಡಬೇಕು? ‘ಲಿನಕ್ಸ್ ಹಾಕಿಕೋ’ ಎಂದು ಗೆಳೆಯರು ಹೇಳುತ್ತಾರೆ. ಸರಿಯೆಂದು ಹೊರಟರೆ ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ, ಆರ್ಚ್ ಮುಂತಾದ ಹೆಸರುಗಳ ಸಾಲೇ ಎದುರಾಗುತ್ತದೆ. ಪ್ರತಿಯೊಂದಕ್ಕೂ ಅದೇ ಶ್ರೇಷ್ಠವೆಂದು ವಾದಿಸುವವರುಂಟು.

‘ಯಾವುದು ಶ್ರೇಷ್ಠ?’ ಎಂಬ ಪ್ರಶ್ನೆಯನ್ನು ನಾವು ಸದ್ಯಕ್ಕೆ ಬದಿಗಿಡೋಣ. ಇವೆಲ್ಲವೂ ಒಂದೇ ಲಿನಕ್ಸ್ ಆಗಿದ್ದ ಮೇಲೆ ಇಷ್ಟು ಹೆಸರುಗಳೇಕೆ ಎಂಬುದನ್ನು ಮೊದಲು ತಿಳಿದುಕೊಂಡರೆ ಆರಿಸುವ ಕೆಲಸ ಸುಲಭವಾಗುತ್ತದೆ.

ತಿರುಳೆಂದರೇನು?

ಗಣಕಯಂತ್ರದಲ್ಲಿ ಏಕಕಾಲದಲ್ಲಿ ಹತ್ತಾರು ಕ್ರಮವಿಧಿಗಳು ನಡೆಯುತ್ತಿರುತ್ತವೆ. ಪ್ರೊಸೆಸರಿನ ಕಾಲವನ್ನು ಯಾವುದಕ್ಕೆ ಎಷ್ಟು ಕೊಡಬೇಕು, ನೆನಪಿನ ಯಾವ ಭಾಗವನ್ನು ಯಾವುದಕ್ಕೆ ಹಂಚಬೇಕು, ಕೀಲಿಮಣೆ, ತೆರೆ, ಡಿಸ್ಕುಗಳೊಡನೆ ವ್ಯವಹರಿಸುವುದು ಹೇಗೆ ಎಂಬುದನ್ನೆಲ್ಲ ನಿರ್ಧರಿಸುವ ಒಳಭಾಗಕ್ಕೆ ತಿರುಳು, ಅಥವಾ ಕರ್ನೆಲ್, ಎಂದು ಹೆಸರು. ಲಿನಕ್ಸ್ ಎಂಬುದು ನಿಜವಾಗಿ ಈ ತಿರುಳಿನ ಹೆಸರು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಇದರ ವಿಷಯವನ್ನು ಜಗತ್ತಿಗೆ ತಿಳಿಸಿದಾಗ ಅವರ ವಯಸ್ಸು 21.

ಆದರೆ ತಿರುಳೊಂದರಿಂದಲೇ ನಾವು ಪತ್ರ ಬರೆಯಲಾರೆವು, ಚಿತ್ರ ನೋಡಲಾರೆವು. ಆಜ್ಞೆಗಳನ್ನು ಗ್ರಹಿಸುವ ಸಾಧನಗಳು ಬೇಕು, ಕಿಟಕಿಗಳನ್ನು ತೋರಿಸುವ ಮೇಜುತೆರೆ ಬೇಕು, ಬ್ರೌಸರು ಬೇಕು. ಇಂಥ ಸಾಧನಗಳಲ್ಲಿ ಮುಖ್ಯವಾದ ಕೆಲವನ್ನು ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಮೊದಲೇ ಸಿದ್ಧಪಡಿಸಿತ್ತು. ಇವೆಲ್ಲದರ ಮೂಲಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೀಗೆ ಬೇರೆ ಬೇರೆ ಕಡೆ ಹುಟ್ಟಿದ ಸಾವಿರಾರು ಭಾಗಗಳನ್ನು ಕೂಡಿಸಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ, ಜನರ ಕೈಗೆ ಕೊಡುವ ಪೂರ್ಣ ವ್ಯವಸ್ಥೆಯೇ ‘ವಿತರಣೆ’. ರಾಗಿ ಒಂದೇ, ಒಂದು ಮನೆಯಲ್ಲಿ ಅದು ಮುದ್ದೆಯಾಗುತ್ತದೆ, ಇನ್ನೊಂದರಲ್ಲಿ ರೊಟ್ಟಿ, ಮತ್ತೊಂದರಲ್ಲಿ ಅಂಬಲಿ. ವಿತರಣೆಗಳ ಮಾತೂ ಹಾಗೆಯೇ.

ಕೆಲವು ಮನೆತನಗಳು

1993ರಲ್ಲಿ ಸ್ಲಾಕ್‌ವೇರ್ ಮತ್ತು ಡೆಬಿಯನ್ ಎಂಬ ಎರಡು ವಿತರಣೆಗಳು ಹುಟ್ಟಿದವು. ಎರಡೂ ಇಂದಿಗೂ ಜೀವಂತವಾಗಿವೆ. ಡೆಬಿಯನ್ನನ್ನು ಸ್ವಯಂಸೇವಕರ ಸಮುದಾಯವೇ ನಡೆಸುತ್ತದೆ. ಅದನ್ನು ಆಧರಿಸಿ 2004ರಲ್ಲಿ ಉಬುಂಟು ಬಂದಿತು. ಉಬುಂಟುವನ್ನು ಆಧರಿಸಿ 2006ರಲ್ಲಿ ಮಿಂಟ್ ಬಂದಿತು. ನಮ್ಮ ದೇಶದಲ್ಲಿ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್ ವಿತರಣೆಯೂ ಡೆಬಿಯನ್ ಮನೆತನದ್ದೇ. ರೆಡ್ ಹ್ಯಾಟ್ ಕಂಪನಿಯದು ಇನ್ನೊಂದು ಮನೆತನ. 2003ರಲ್ಲಿ ಆರಂಭವಾದ ಫೆಡೋರಾ ಅದಕ್ಕೆ ಸೇರಿದುದು. 2002ರಲ್ಲಿ ಹುಟ್ಟಿದ ಆರ್ಚ್ ಯಾರ ಮಗುವೂ ಅಲ್ಲ.

ಮನೆತನ ಯಾವುದೆಂಬುದು ಬಳಸುವವನಿಗೆ ತಿಳಿಯುವುದು ತಂತ್ರಾಂಶಗಳನ್ನು ತರಿಸಿಕೊಳ್ಳುವ ರೀತಿಯಿಂದ. ಪ್ರತಿಯೊಂದು ವಿತರಣೆಗೂ ತನ್ನದೇ ಆದ ತಂತ್ರಾಂಶ ಭಂಡಾರವಿರುತ್ತದೆ. ಡೆಬಿಯನ್ ಮನೆತನದಲ್ಲಿ ಎಪಿಟಿ, ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್ ಎಂಬ ಉಗ್ರಾಣಿಗಳು ಆ ಭಂಡಾರದಿಂದ ಬೇಕಾದುದನ್ನು ತೆಗೆದುಕೊಡುತ್ತವೆ. ಒಂದು ಕ್ರಮವಿಧಿಗೆ ಬೇರೆ ಭಾಗಗಳ ನೆರವು ಬೇಕಿದ್ದರೆ ಅವುಗಳನ್ನೂ ತಾವೇ ಹುಡುಕಿ ತರುತ್ತವೆ. ಮೇಜುತೆರೆಯ ಅಂದಚಂದವನ್ನು ನೋಡಿ ವಿತರಣೆಯನ್ನು ಆರಿಸುವವರು ಅನೇಕರು. ಆದರೆ ನೋಮ್, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ ಮುಂತಾದ ಮೇಜುತೆರೆಗಳನ್ನು ಹೆಚ್ಚುಕಡಿಮೆ ಯಾವ ವಿತರಣೆಯಲ್ಲಾದರೂ ಹಾಕಿಕೊಳ್ಳಬಹುದು. ಬಟ್ಟೆಯನ್ನು ಬದಲಾಯಿಸಬಹುದು, ಮೈಕಟ್ಟನ್ನು ಬದಲಾಯಿಸುವುದು ಕಷ್ಟ.

ಹೊಸದೋ, ಹಳೆಯದೋ?

ಹಾಗಾದರೆ ಆ ಮೈಕಟ್ಟು ಯಾವುದು? ಹೊಸತನ್ನು ಎಷ್ಟು ಬೇಗ ಒಳಗೆ ಬಿಟ್ಟುಕೊಳ್ಳಬೇಕು, ಒಪ್ಪಿಕೊಂಡುದನ್ನು ಎಷ್ಟು ಕಾಲ ಕಾಪಾಡಬೇಕು ಎಂಬ ನೀತಿಯೇ ಅದು. ವಿತರಣೆಗಳ ನಡುವಣ ನಿಜವಾದ ವ್ಯತ್ಯಾಸ ಇಲ್ಲಿದೆ.

ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಸ್ಥಿರ ಆವೃತ್ತಿಯನ್ನು ಹೊರತರುತ್ತದೆ. ಮೂರು ವರ್ಷದ ಪೋಷಣೆಯ ಬಳಿಕ ಇನ್ನೆರಡು ವರ್ಷ ಅದರ ಸುರಕ್ಷೆಯನ್ನು ನೋಡಿಕೊಳ್ಳುವ ಏರ್ಪಾಡಿದೆ. ಉಬುಂಟುವಿನಲ್ಲಿ ಎರಡು ಬಗೆ: ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಪೋಷಣೆಯ ಆವೃತ್ತಿಗೆ ಐದು ವರ್ಷ, ಆರು ತಿಂಗಳಿಗೊಮ್ಮೆ ಬರುವ ಸಾಧಾರಣ ಆವೃತ್ತಿಗೆ ಒಂಬತ್ತು ತಿಂಗಳು ಮಾತ್ರ ಆಯುಸ್ಸು. ಫೆಡೋರಾದ ಒಂದು ಆವೃತ್ತಿ ಸುಮಾರು ಹದಿಮೂರು ತಿಂಗಳು ಬಾಳುತ್ತದೆ. ಆರ್ಚ್‌ನಲ್ಲಿ ಆವೃತ್ತಿಯೆಂಬುದೇ ಇಲ್ಲ. ಹೊಳೆಯ ನೀರಿನಂತೆ ಹೊಸ ತಂತ್ರಾಂಶ ಸದಾ ಹರಿದುಬರುತ್ತಿರುತ್ತದೆ.

ಪೋಷಣೆಗೆ ಇಷ್ಟು ಮಹತ್ವವೇಕೆ? ತಂತ್ರಾಂಶದಲ್ಲಿ ಬಿರುಕೊಂದು ಪತ್ತೆಯಾಗಿ ಅದಕ್ಕೆ ತೇಪೆ ಸಿದ್ಧವಾದಾಗ ಆ ಸುದ್ದಿ ಬಹಿರಂಗವಾಗುತ್ತದೆ. ಸಜ್ಜನರಿಗೆ ತಿಳಿದುದು ಕಳ್ಳರಿಗೂ ತಿಳಿಯುತ್ತದೆ. ಅಂದಿನಿಂದ ತೇಪೆ ಹಾಕದ ಯಂತ್ರವು, ಬೀಗದ ದೋಷ ಊರಿಗೆಲ್ಲ ಗೊತ್ತಾದ ಮನೆಯಿದ್ದಂತೆ.

2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಬೆಳಕಿಗೆ ಬಂದಿತು. ಜಾಲದ ವ್ಯವಹಾರಗಳನ್ನು ಗುಪ್ತಲಿಪಿಯಲ್ಲಿ ಅಡಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಅದು ಇದ್ದಿತು. ಅದನ್ನು ರಚಿಸಿದವರು 1.0.1ಜಿ ಎಂಬ ಹೊಸ ಆವೃತ್ತಿಯನ್ನು ಕೊಟ್ಟರು. ಡೆಬಿಯನ್ನಿನವರಾದರೋ ತಮ್ಮ ಸ್ಥಿರ ಆವೃತ್ತಿಯಲ್ಲಿದ್ದ 1.0.1ಇ ಯನ್ನೇ ಉಳಿಸಿಕೊಂಡು, ಬಿರುಕಿದ್ದ ಕಡೆಗಷ್ಟೆ ತೇಪೆ ಹಾಕಿದರು. ಬಳಸುವವನಿಗೆ ಬೇರಾವ ಬದಲಾವಣೆಯೂ ಕಾಣಲಿಲ್ಲ. ಸ್ಥಿರತೆಯೆಂದರೆ ಕದಲದೆ ಕುಳಿತಿರುವುದಲ್ಲ, ಬೇಕಾದಷ್ಟನ್ನೇ ತಿದ್ದುವುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇನ್ನೊಂದು ಪ್ರಸಂಗ 2024ರ ಮಾರ್ಚಿನದು. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಯಾರೋ ಬುದ್ಧಿಪೂರ್ವಕವಾಗಿ ಕಳ್ಳಬಾಗಿಲನ್ನು ಇಟ್ಟಿದ್ದುದು ಹೊರಬಿದ್ದಿತು. ಹೊಸದನ್ನು ಬೇಗ ಸೇರಿಸಿಕೊಳ್ಳುವ ಕೆಲವು ವಿತರಣೆಗಳಿಗೂ ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೂ ಅದು ತಲಪಿಬಿಟ್ಟಿತ್ತು; ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಇನ್ನೂ ತಲಪಿರಲಿಲ್ಲ. ಹಾಗೆಂದು ಹಳೆಯದೇ ಯಾವಾಗಲೂ ಲೇಸೆನ್ನುವಂತಿಲ್ಲ. ಈಚೆಗೆ ಮಾರುಕಟ್ಟೆಗೆ ಬಂದ ಯಂತ್ರದ ಚಿತ್ರಫಲಕವನ್ನೋ ವೈಫೈ ಬಿಲ್ಲೆಯನ್ನೋ ಹಳೆಯ ತಿರುಳು ಗುರುತಿಸದೆ ಹೋಗಬಹುದು. ಅಂಥಲ್ಲಿ ಹೊಸ ತಿರುಳುಳ್ಳ ಫೆಡೋರಾದಂಥ ವಿತರಣೆಯೇ ಉಪಯುಕ್ತ.

ಹಿಂದೆ ಯಾರಿದ್ದಾರೆ?

ಪೋಷಣೆಯ ಅವಧಿ ಕಾಗದದ ಮೇಲಿನ ಮಾತು. ಅದನ್ನು ನಡೆಸಿಕೊಡುವವರು ಮನುಷ್ಯರು. ಸೆಂಟ್‌ಓಎಸ್ 8 ಎಂಬ ವಿತರಣೆಗೆ 2029ರವರೆಗೆ ಪೋಷಣೆ ದೊರೆಯುವುದೆಂದು ನಂಬಿ ಅನೇಕ ಸಂಸ್ಥೆಗಳು ಅದನ್ನು ಬಳಸುತ್ತಿದ್ದವು. 2020ರ ಡಿಸೆಂಬರಿನಲ್ಲಿ, 2021ರ ಕೊನೆಗೇ ಅದು ಮುಗಿಯುವುದೆಂದು ಪ್ರಕಟಣೆ ಹೊರಬಿದ್ದಿತು. ಎಂಟು ವರ್ಷದ ಭರವಸೆ ಒಂದು ವರ್ಷಕ್ಕೆ ಇಳಿಯಿತು. ಆದರೆ ಮೂಲಸಂಕೇತ ಮುಕ್ತವಾಗಿದ್ದುದರಿಂದ ಬಳಕೆದಾರರು ನಿರಾಶ್ರಿತರಾಗಲಿಲ್ಲ. 2021ರಲ್ಲಿಯೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ವಿತರಣೆಗಳು ಅದರ ಸ್ಥಾನವನ್ನು ತುಂಬಲು ಹುಟ್ಟಿಕೊಂಡವು. ಆದುದರಿಂದ ವಿತರಣೆಯನ್ನು ಆರಿಸುವಾಗ ಅದರ ವಯಸ್ಸು, ಅದನ್ನು ನಡೆಸುವವರ ಸಂಖ್ಯೆ, ಹಿಂದಿನ ಮಾತುಗಳನ್ನು ಅವರು ಉಳಿಸಿಕೊಂಡ ರೀತಿ ಇವನ್ನು ವಿಚಾರಿಸುವುದು ಒಳ್ಳೆಯದು. ಒಬ್ಬಿಬ್ಬರ ಉತ್ಸಾಹದಿಂದ ಹುಟ್ಟಿದ ಎಷ್ಟೋ ವಿತರಣೆಗಳು ಆ ಉತ್ಸಾಹದೊಡನೆಯೇ ಅಳಿದಿವೆ.

ಮೂವರು ವಿದ್ಯಾರ್ಥಿಗಳು

ಈಗ ಮೂರು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಮೊದಲನೆಯವನು ಪ್ರೌಢಶಾಲೆಯ ಹುಡುಗ. ಅವನಿಗೆ ಓದುಬರಹ, ಜಾಲಸಂಚಾರ ಇಷ್ಟೇ ಸಾಕು. ಯಂತ್ರ ಹಳೆಯದು, ನೆನಪು 4 ಗಿಗಾಬೈಟ್. ಹಗುರವಾದ ಎಕ್ಸ್‌ಎಫ್‌ಸಿಇ ಮೇಜುತೆರೆಯುಳ್ಳ ಮಿಂಟ್ ಅಥವಾ ಡೆಬಿಯನ್ ಅವನಿಗೆ ಒಪ್ಪುತ್ತದೆ. ಆದರೆ ಪ್ರೊಸೆಸರು 64 ಬಿಟ್ಟಿನದೇ ಎಂದು ಅವನು ಮೊದಲು ನೋಡಿಕೊಳ್ಳಬೇಕು. ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಹೊರಬಂದ ತನ್ನ 13ನೆಯ ಆವೃತ್ತಿಯಿಂದ 32 ಬಿಟ್ಟಿನ ಹಳೆಯ ಪಿ.ಸಿ.ಗಳಿಗೆ ಅನುಸ್ಥಾಪಕವನ್ನು ಕೊಡುತ್ತಿಲ್ಲ.

ಎರಡನೆಯವಳು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಅವಳ ಯಂತ್ರ ಹೊಸದು; ಹೊಸ ಪರಿಕರಗಳಿಂದ ಕ್ರಮವಿಧಿ ಬರೆಯಬೇಕು; ವರ್ಷಕ್ಕೊಮ್ಮೆ ಆವೃತ್ತಿ ಬದಲಿಸಲು ಬೇಸರವಿಲ್ಲ. ಅವಳಿಗೆ ಫೆಡೋರಾ ಆಗಬಹುದು. ಕಾಲೇಜಿನ ಪ್ರಯೋಗಾಲಯದಲ್ಲಿ ಉಬುಂಟು ಇದ್ದರೆ ಅದರ ದೀರ್ಘಪೋಷಣೆಯ ಆವೃತ್ತಿಯೇ ಇನ್ನೂ ಮೇಲು. ತೊಡಕು ಬಂದಾಗ ಕೇಳಲು ಪಕ್ಕದಲ್ಲಿ ಜನರಿರುತ್ತಾರೆ. ಮೂರನೆಯವನಿಗೆ ವ್ಯವಸ್ಥೆಯ ಒಳಗನ್ನೇ ಅರಿಯುವ ಹಂಬಲ. ಒಂದೊಂದು ಭಾಗವನ್ನೂ ತಾನೇ ಜೋಡಿಸಬೇಕಾದ ಆರ್ಚ್ ಅವನಿಗೆ ಪಾಠಶಾಲೆಯಾದೀತು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಪರಿಷ್ಕರಣವನ್ನು ಕೈಗೊಳ್ಳದಿರುವುದು ಜಾಣತನ!

ಕನ್ನಡದ ಕೆಲಸ ಮಾಡುವವರಿಗೆ ಮನೆತನದ ಭೇದ ಅಷ್ಟಾಗಿ ತಟ್ಟದು. ಐಬಸ್ ಎಂಬ ಸಾಧನದ ಮೂಲಕ ಇನ್‌ಸ್ಕ್ರಿಪ್ಟ್, ಕೆ.ಜಿ.ಪಿ. ಮೊದಲಾದ ಕೀಲಿಮಣೆ ವಿನ್ಯಾಸಗಳನ್ನು ಪಡೆಯಬಹುದು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ನಿನ ಭಂಡಾರದಲ್ಲಿಯೇ ಇವೆ.

ಪ್ರಯೋಗವೇ ಪ್ರಮಾಣ

ಕೊನೆಯ ಮಾತನ್ನು ಯಂತ್ರದಿಂದಲೇ ಕೇಳಬೇಕು. ವಿತರಣೆಯ ಕಡತವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ಅದರ ಪರೀಕ್ಷಾಸಂಖ್ಯೆ ಅಲ್ಲಿ ಕೊಟ್ಟಿರುವುದಕ್ಕೆ ಸರಿಹೊಂದುತ್ತದೆಯೇ ಎಂದು ನೋಡಬೇಕು. ಆಮೇಲೆ ಅದನ್ನು ಖಾಲಿ ಪೆನ್‌ಡ್ರೈವಿಗೆ ಬರೆದು ಯಂತ್ರವನ್ನು ಅದರಿಂದಲೇ ಚಾಲೂ ಮಾಡಬೇಕು. ಹೆಚ್ಚಿನ ವಿತರಣೆಗಳು ಡಿಸ್ಕನ್ನು ಮುಟ್ಟದೆ ಹೀಗೆ ಪೆನ್‌ಡ್ರೈವಿನಿಂದಲೇ ನಡೆಯಬಲ್ಲವು. ವೈಫೈ ಸಿಕ್ಕಿತೇ, ಧ್ವನಿ ಕೇಳಿಸಿತೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಂಡಿತೇ ಎಂದು ಪರೀಕ್ಷಿಸಬಹುದು. ತೃಪ್ತಿಯಾದರೆ ಟಿಪ್ಪಣಿಗಳು, ಭಾವಚಿತ್ರಗಳು ಮುಂತಾದುವನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಅನುಸ್ಥಾಪನೆಗೆ ಕೈಹಾಕಬೇಕು. ತಪ್ಪು ವಿತರಣೆಯನ್ನು ಆರಿಸಿದರೆ ನಾಳೆ ಬದಲಿಸಬಹುದು. ಅಳಿಸಿಹೋದ ಬರಹ ಮರಳಿ ಬರುವುದು ದುರ್ಲಭ.

ಯಂತ್ರ ಎಷ್ಟು ಹಳೆಯದು, ಕೆಲಸ ಯಾವುದು, ಪೋಷಣೆ ಎಲ್ಲಿಯವರೆಗೆ, ಕೇಳಿದರೆ ಹೇಳುವವರು ಯಾರು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ಹೆಸರುಗಳ ದೀರ್ಘ ಪಟ್ಟಿಯಲ್ಲಿ ಎರಡೋ ಮೂರೋ ಉಳಿಯುತ್ತವೆ. ಅವುಗಳಲ್ಲಿ ಯಾವುದನ್ನು ಹಿಡಿದರೂ ನಾವು ಕಲಿಯುವ ವಿದ್ಯೆಯ ಬಹುಭಾಗ ಉಳಿದವುಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ. ತಿರುಳು ಒಂದೇ ಅಲ್ಲವೇ?