ಹೊಳೆದಂಡೆಯ ಊರಿಗೊಬ್ಬ ಯುವಕ ಮುಂದಾಳು



ಜುಗೂಳದಂಥ ಕೃಷ್ಣೆಯ ದಂಡೆಯ ಊರುಗಳಿಗೆ ಹೊಳೆಯೇ ಅನ್ನ, ಹೊಳೆಯೇ ಅಪಾಯ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದಲ್ಲಿ ಮಳೆ ಸುರಿದು, ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಟ್ಟರೆ ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಆಗ ದನಗಳ ಕಣ್ಣಿ ಬಿಚ್ಚುವವರು, ಮುದುಕರನ್ನು ಹೊತ್ತು ತರುವವರು ಊರ ಹುಡುಗರೇ. ಅವರಲ್ಲಿ ಧೈರ್ಯವಿದೆ. ಆದರೆ ಕಲಿಕೆ ಇಲ್ಲದ ಧೈರ್ಯದಿಂದ ಒಂದು ಜೀವ ಹೋಗುವಲ್ಲಿ ಎರಡು ಹೋಗುತ್ತವೆ.

ಕಲಿಸುವವನು ಪಟ್ಟಣದಿಂದ ಬರಲೆಂದು ಕಾಯಬೇಡಿ. ನಿಮ್ಮ ಮನೆಯ ಮಗನೋ ಮಗಳೋ ಆ ಕೆಲಸಕ್ಕೆ ತಕ್ಕವರಾಗಬಲ್ಲರು. ಅದಕ್ಕೆ ಮೂರು ಮೆಟ್ಟಿಲುಗಳಿವೆ.

1. ಮೊದಲು ತಾನು ಕಲಿಯಬೇಕು. 2016ರಲ್ಲಿ ಆರಂಭವಾದ 'ಆಪದಾ ಮಿತ್ರ' ಯೋಜನೆಯಲ್ಲಿ ಸ್ವಯಂಸೇವಕರಿಗೆ ರಕ್ಷಣೆ ಹಾಗೂ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಲಾಗಿದೆ. ಇಂಥ ಶಿಬಿರ ಯಾವಾಗ ನಡೆಯುವುದೆಂದು ಗ್ರಾಮ ಪಂಚಾಯಿತಿಯಲ್ಲಿ, ತಹಶೀಲ್ದಾರ ಕಚೇರಿಯಲ್ಲಿ ವಿಚಾರಿಸಿರಿ.

2. ಬಳಿಕ ಹತ್ತು ಮಂದಿಗೆ ಕಲಿಸಬೇಕು. ಯುವಕ ಸಂಘ, ಯುವತಿ ಮಂಡಳಗಳೇ ಇದಕ್ಕೆ ಶಾಲೆ. ಮೊದಲ ಪಾಠ ಇದು: ಮುಳುಗುವವನನ್ನು ಕಂಡೊಡನೆ ನೀರಿಗೆ ಹಾರಬಾರದು. ಕೂಗಿ ಜನ ಕರೆಯಬೇಕು. ದಂಡೆಯ ಮೇಲೆ ಬೋರಲು ಮಲಗಿ ಉದ್ದನೆಯ ಗಳ ಚಾಚಬೇಕು, ಇಲ್ಲವೆ ಬಾಯಿ ಬಿಗಿದ ಖಾಲಿ ಡಬ್ಬಿಗೆ ಹಗ್ಗ ಕಟ್ಟಿ ಎಸೆಯಬೇಕು. ಮೇಲೆ ತಂದವನನ್ನು ತಲೆಕೆಳಗು ಹಿಡಿದು ಹೊಟ್ಟೆ ಒತ್ತುವುದು ತಪ್ಪು. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆ ಒತ್ತಬೇಕು. ಇನ್ನೊಬ್ಬನು ಒಡನೆಯೇ 108ಕ್ಕೆ ಕರೆ ಮಾಡಬೇಕು. ಇದನ್ನು ಬಲ್ಲವರ ಎದುರಿನಲ್ಲಿ ಕೈಯಾರೆ ಮಾಡಿಯೇ ಕಲಿಯತಕ್ಕದ್ದು.

3. ಕೊನೆಗೆ ಊರಿನ ಲೆಕ್ಕ ಇಡಬೇಕು. ನಡೆಯಲಾರದ ಮುದುಕರು, ಬಸುರಿಯರು, ಕೈಕೂಸುಗಳು ಯಾವ ಮನೆಯಲ್ಲಿದ್ದಾರೆ? ಹಗ್ಗ, ದೋಣಿ, ಟ್ರ್ಯಾಕ್ಟರ್ ಯಾರಲ್ಲಿವೆ? ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕು? ಈ ಪಟ್ಟಿ ಮೇ ತಿಂಗಳಲ್ಲೇ ಸಿದ್ಧವಾಗಿರಬೇಕು.

ಈ ಮೂರನ್ನೂ ನಡೆಸಿದವನು ಜನರನ್ನು ಕೂಡಿಸಲು, ಕಲಿಸಲು, ಲೆಕ್ಕ ಒಪ್ಪಿಸಲು ಕಲಿತಿರುತ್ತಾನೆ. ಯುವಜನರ ಕಾರ್ಯಕ್ರಮ ನಡೆಸುವ ಸಂಸ್ಥೆಗಳು ವ್ಯವಸ್ಥಾಪಕನಲ್ಲಿ ಹುಡುಕುವ ಗುಣಗಳೂ ಇವೇ. ಸೇವೆಯಿಂದ ಹೊರಟ ದಾರಿ ಉದ್ಯೋಗಕ್ಕೂ ಮುಟ್ಟಬಹುದು.

ಹಿರಿಯರು ಮಾಡಬೇಕಾದುದು ಇಷ್ಟೇ: ವಾರಕ್ಕೊಂದು ಸಂಜೆ ಮಕ್ಕಳಿಗೆ ಹೊಲದ ಕೆಲಸದಿಂದ ಬಿಡುವು ಕೊಡಿರಿ, ಹೆಣ್ಣುಮಕ್ಕಳನ್ನು ತಡೆಯಬೇಡಿರಿ. ಪೂರ ಬಂದಾಗ ಮನೆಯಲ್ಲಿ ಕೂಸಿನ ಬಳಿ ಇರುವವಳು ಹೆಚ್ಚಾಗಿ ಅವಳೇ.

ಚರ್ಚೆಗೆ ಪ್ರಶ್ನೆಗಳು:
ಅ) ನಿಮ್ಮ ಊರಲ್ಲಿ ಎದೆ ಒತ್ತಿ ಉಸಿರು ತುಂಬಲು ಬಲ್ಲವರು ಎಷ್ಟು ಮಂದಿ?
ಆ) ಹೊಳೆಯ ದಂಡೆಯಲ್ಲಿ ಹಗ್ಗ, ಡಬ್ಬಿ ಎಲ್ಲಿ ಇಟ್ಟರೆ ಎಲ್ಲರ ಕೈಗೆ ಸಿಗುತ್ತವೆ?
ಇ) ಮುಂದಿನ ಮಳೆಗಾಲಕ್ಕೆ ಮೊದಲು ತರಬೇತಿಗೆ ಯಾರನ್ನು ಕಳಿಸುವಿರಿ?