ಸೆರೆಯಲ್ಲಿರುವ ಅಮಲುಗಾರನಿಗೆ ಹೊಣೆಯಾಗುವದು

ಪಾಠಭಾಗ: ಫಿಲೆಮೋನನಿಗೆ ಬರೆದ ಪತ್ರಿಕೆ, 8ರಿಂದ 22ನೆಯ ವಚನಗಳು

ಪೌಲನು ತಾನೇ ಸೆರೆಯಲ್ಲಿದ್ದುಕೊಂಡು ಒನೇಸಿಮನೆಂಬ ದಾಸನ ಪಕ್ಷವಾಗಿ ಬರೆದ ಈ ಚಿಕ್ಕ ಪತ್ರಿಕೆಯನ್ನು ನಮ್ಮ ಸಭೆಗಳಲ್ಲಿ ಓದುವದು ಅಪರೂಪ. 18ನೆಯ ವಚನವನ್ನು ನಿಧಾನವಾಗಿ ನೋಡಿರಿ. ಒನೇಸಿಮನು ನಿರ್ದೋಷಿಯೆಂದು ಪೌಲನು ವಾದಿಸಲಿಲ್ಲ. ನಷ್ಟವೇನಾದರೂ ಆಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂದನು. ನಮ್ಮ ಕಚೇರಿಗಳ ಮಾತಿನಲ್ಲಿ ಹೇಳುವದಾದರೆ, ಅವನು ಜಾಮೀನು ನಿಂತನು.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಸಭೆಗಳಿಗೆ ಈ ಪಾಠವು ದೂರದ್ದಲ್ಲ. ಸಾರಾಯಿಯು ನಮ್ಮ ರಾಜ್ಯದಲ್ಲಿ 2007ರಲ್ಲಿ ನಿಷೇಧವಾಯಿತು. ಆದರೆ ಅಮಲು ನಿಲ್ಲಲಿಲ್ಲ. ಗಾಂಜಾ ಉಂಟು. ಅದಕ್ಕಿಂತಲೂ ಕೆಟ್ಟದ್ದು ಕಲಬೆರಕೆ ಸೇಂದಿ. ಇದು ಮರದಿಂದ ಇಳಿದದ್ದಲ್ಲ; ಕ್ಲೋರಲ್ ಹೈಡ್ರೇಟ್ ಎಂಬ ಸಿ.ಎಚ್. ಪೌಡರನ್ನೂ ಡಯಾಜೆಪಾಮ್ ಮೊದಲಾದ ನಿದ್ರೆಯ ಔಷಧಗಳನ್ನೂ ನೀರಿಗೆ ಕಲಸಿದ್ದು. ಬಹುಕಾಲ ಇದನ್ನು ಕುಡಿದವನಿಗೆ ಒಮ್ಮೆಲೇ ತಪ್ಪಿಹೋದರೆ ಕೆಲವು ದಿನಗಳೊಳಗೆ ನಡುಕ, ನಿದ್ರೆಗೇಡು, ಇಲ್ಲದ್ದನ್ನು ಕಾಣುವದು, ಮೂರ್ಛೆಯ ಸೆಳವು ಇವು ಬರಬಹುದು; ಪ್ರಾಣವೂ ಹೋಗಬಹುದು. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆಯನ್ನು ಅಡಗಿಸಿದಾಗ ಇಂಥ ರೋಗಿಗಳು ಗುಂಪುಗುಂಪಾಗಿ ಆಸ್ಪತ್ರೆಗೆ ಬಂದರು. ಇದೇ ಠಾಣೆಯ ಕೋಣೆಯಲ್ಲಿ ನಡೆದರೆ ಕೆಲವರು ದೆವ್ವವೆನ್ನುವರು, ಕೆಲವರು ನಟನೆಯೆನ್ನುವರು. ಎರಡೂ ಅಲ್ಲ, ರೋಗ.

ಆದಕಾರಣ ನಿಮ್ಮವನೊಬ್ಬನನ್ನು ಹಿಡಿದರೆಂದು ಕೇಳಿದ ದಿನವೇ ಹೋಗಿರಿ. ಬಂಧಿತನನ್ನು ವೈದ್ಯರು ಪರೀಕ್ಷಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬದು ಕಾನೂನು. ಅವನು ಏನು ಕುಡಿಯುತ್ತಾನೆ, ಎಷ್ಟು, ಎಷ್ಟು ವರುಷಗಳಿಂದ ಎಂಬದನ್ನು ಆ ವೈದ್ಯರಿಗೂ ನ್ಯಾಯಾಧೀಶರಿಗೂ ತಿಳಿಸತಕ್ಕದ್ದು. ಮಾನ ಹೋಗುವದೆಂದು ಮುಚ್ಚಿಡುವ ಮನೆಯವರು ಅವನಿಗೆ ಉಪಕಾರ ಮಾಡುವದಿಲ್ಲ.

1985ರ ಮಾದಕ ದ್ರವ್ಯಗಳ ಕಾಯಿದೆಯಲ್ಲಿ ದಂಡನೆ ಮಾತ್ರವಲ್ಲ, ಬಾಗಿಲೂ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು (ಗಾಂಜಾದಲ್ಲಿ ಅದು 1 ಕಿಲೋವರೆಗೆ) ಸರಕಾರದ ಅಥವಾ ಸರಕಾರವು ಒಪ್ಪಿದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆ ಬೇಡಿ ಅದನ್ನು ಪಡೆದರೆ, 64ಎ ಕಲಮಿನಂತೆ ಆ ಆರೋಪದ ವಿಚಾರಣೆಯಿಂದ ಅವನಿಗೆ ರಕ್ಷಣೆ ಉಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಅಪರಾಧಿಯೆಂದು ತೀರ್ಪಾದ ಮೇಲೆಯೂ 39ನೆಯ ಕಲಮಿನಂತೆ ನ್ಯಾಯಾಲಯವು ಅವನ ಒಪ್ಪಿಗೆಯಿಂದ ಮುಚ್ಚಳಿಕೆ ಬರೆಯಿಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಒಂದು ವರುಷದೊಳಗೆ ಅದರ ಫಲವನ್ನು ತಿಳಿಸಬೇಕು. ಈ ಮುಚ್ಚಳಿಕೆಗೆ ಜಾಮೀನುದಾರರನ್ನು ಕೇಳಬಹುದು. ಒನೇಸಿಮನಿಗೆ ಪೌಲನು ಸಿಕ್ಕಿದನು. ನಮ್ಮ ಊರಿನವನಿಗೆ ಯಾರು? ಮಾರುವ ದೊಡ್ಡ ವ್ಯಾಪಾರಿಗೆ ಈ ದಯೆಯಿಲ್ಲ, ಇರಲೂಬಾರದು.

ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿರಿ. ನಾವು ಕ್ರೈಸ್ತರಾದೆವು, ಪರಿಶಿಷ್ಟ ಜಾತಿಯ ಸವಲತ್ತು ನಮಗಿಲ್ಲವೆಂದು ಅನೇಕರು ಸುಮ್ಮನಿರುತ್ತಾರೆ. 1987ರ ಕಾನೂನು ಸೇವೆಗಳ ಕಾಯಿದೆಯು ಸೆರೆಯಲ್ಲಿರುವವನ ಜಾತಿಯನ್ನಾಗಲಿ ಆದಾಯವನ್ನಾಗಲಿ ಕೇಳುವದಿಲ್ಲ. ಅವನು ಬಂಧನದಲ್ಲಿದ್ದಾನೆಂಬದೇ ಸಾಕು. ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ. ಅಮಲು ಬಿಡಿಸುವ ಚಿಕಿತ್ಸೆಯ ವಿಷಯಕ್ಕೆ 14446 ಇದೆ.

ಪೌಲನು 22ನೆಯ ವಚನದಲ್ಲಿ ತನಗೆ ಇಳಿದುಕೊಳ್ಳುವ ಸ್ಥಳವನ್ನು ಸಿದ್ಧಮಾಡಬೇಕೆನ್ನುತ್ತಾನೆ. ಪತ್ರ ಬರೆದು ಕೈತೊಳೆದುಕೊಳ್ಳದೆ, ಬಂದು ನೋಡುವೆನೆಂಬ ಸೂಚನೆ ಅದರಲ್ಲಿದೆ. ಹಾಗೆಯೇ ವಾಯಿದೆಯ ದಿನ ನ್ಯಾಯಾಲಯಕ್ಕೆ, ಔಷಧದ ದಿನ ಆಸ್ಪತ್ರೆಗೆ ಅವನ ಸಂಗಡ ಬಸ್ಸು ಹತ್ತುವವನು ಯಾರೆಂದು ಸಭೆಯ ಹಿರಿಯರು ಹೆಸರು ಹೇಳಿ ಗೊತ್ತುಮಾಡಲಿ. ಊರಿಗೆ ಬಂದ ಮೇಲೆ ಸೇಂದಿಯ ಅಂಗಡಿ ತಪ್ಪಿಸಿ ಬೇರೆ ದಾರಿಯಿಂದ ಹೊಲಕ್ಕೆ ಹೋಗುವದಕ್ಕೆ ಜೊತೆಗಾರನೊಬ್ಬನನ್ನು ಕೊಡಿರಿ. ಮೊದಲನೆಯ ಸುಗ್ಗಿಯ ಕೂಲಿ ಕೈಗೆ ಬಂದ ವಾರ ಅವನ ಮನೆಯಲ್ಲಿಯೇ ಪ್ರಾರ್ಥನೆಗೆ ಕೂಡಿರಿ.