ಛತ್ರದ ಬಾಡಿಗೆ ಮತ್ತು ಗಡಿಯಾರದ ಲೆಕ್ಕ

ಮದುವೆಯ ಆರತಕ್ಷತೆಗಾಗಿ ಕಲ್ಯಾಣ ಮಂಟಪವನ್ನು ಗೊತ್ತುಮಾಡುವ ಕುಟುಂಬವು ತನ್ನ ಚೌಕಾಸಿಯ ಬಲವನ್ನೆಲ್ಲ ಬಾಡಿಗೆಯ ಮೊತ್ತವೊಂದರ ಮೇಲೆಯೇ ಖರ್ಚುಮಾಡಿ, ಹತ್ತು ಸಾವಿರ ರೂಪಾಯಿ ಇಳಿಸಿದ ಸಮಾಧಾನದಲ್ಲಿ ಮುಂಗಡ ಕೊಟ್ಟು ಬರುವುದು ಕರ್ನಾಟಕದ ನಗರಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿ. ಬಾಡಿಗೆ ಕೊಟ್ಟು ಪಡೆಯುವುದು ಇಂತಿಷ್ಟು ಗಂಟೆಗಳ ಬಳಕೆಯ ಹಕ್ಕನ್ನು ಮಾತ್ರ ಆಗಿರುವುದರಿಂದ, ಆ ಗಂಟೆಗಳು ಯಾವಾಗ ತೊಡಗಿ ಯಾವಾಗ ಮುಗಿಯುತ್ತವೆ ಮತ್ತು ಅವುಗಳೊಳಗೆ ಬಳಸಿದ್ದಕ್ಕೆಲ್ಲ ಬೇರೆ ಬೆಲೆ ಉಂಟೇ ಎಂಬುದು ತೀರ್ಮಾನವಾಗದೆ ಬಾಡಿಗೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಹೇಳಲು ಬರುವುದಿಲ್ಲ.

ಹಳೆ ಮೈಸೂರು ಭಾಗದಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ ಎಂಬ ಪದ್ಧತಿ ವ್ಯಾಪಕವಾಗಿರುವ ಕಾರಣ, ಛತ್ರದವರ ಭಾಷೆಯಲ್ಲಿ 'ಒಂದು ದಿನ' ಎಂದರೆ ಅನೇಕ ಕಡೆ ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗಿನ ಅವಧಿಯೇ ಆಗಿರುತ್ತದೆ. ಸಂಜೆ ಏಳಕ್ಕೆ ಅತಿಥಿಗಳು ಬರುವುದಾದರೆ ವೇದಿಕೆಗೆ ಹೂವು ಕಟ್ಟುವವರು ಮಧ್ಯಾಹ್ನವೇ ಒಳಗಿರಬೇಕು, ಅಡುಗೆಯವರು ಅದಕ್ಕೂ ಮೊದಲೇ ಒಲೆ ಹಚ್ಚಿರಬೇಕು. ಆದರೆ ಹಿಂದಿನ ಮದುವೆಯವರು ಇನ್ನೂ ಊಟದ ಕೊನೆಯ ಪಂಕ್ತಿಯಲ್ಲಿದ್ದರೆ ಈ ಲೆಕ್ಕವೆಲ್ಲ ಬಾಗಿಲ ಹೊರಗೆ ನಿಲ್ಲುತ್ತದೆ. ಆದ್ದರಿಂದ ಕರಾರಿನಲ್ಲಿ ದಿನಾಂಕದೊಡನೆ ಅಡುಗೆಮನೆಯ ಬೀಗ ಕೈಗೆ ಬರುವ ಹೊತ್ತು, ಸಭಾಂಗಣ ಕೈಗೆ ಬರುವ ಹೊತ್ತು, ತೆರವು ಮಾಡಬೇಕಾದ ಹೊತ್ತು ಹಾಗೂ ಅದನ್ನು ಮೀರಿದರೆ ಗಂಟೆಗೆ ತೆರಬೇಕಾದ ದರ, ಈ ನಾಲ್ಕೂ ಅಂಕಿಗಳಲ್ಲಿ ದಾಖಲಾಗಿರಬೇಕು. ತೆರೆದ ಹುಲ್ಲುಹಾಸಿನ ಮೇಲೆ ನಡೆಯುವ ಆರತಕ್ಷತೆಗೆ ಇನ್ನೊಂದು ಮಿತಿಯಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ, ಆ ಮೇಲಿನ ಗಂಟೆಗಳಿಗೆ ಕೊಟ್ಟ ಬಾಡಿಗೆಯಲ್ಲಿ ವಾದ್ಯಗೋಷ್ಠಿಯನ್ನು ಲೆಕ್ಕಹಾಕಿಕೊಳ್ಳಬಾರದು.

ಬಾಡಿಗೆ ನಿಜವಾಗಿ ಇಳಿಯುವುದು ಪಂಚಾಂಗದ ಬಲದಿಂದ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಬಹುಪಾಲು ಕುಟುಂಬಗಳು ಮದುವೆ ಇಟ್ಟುಕೊಳ್ಳದಿರುವುದರಿಂದ ಛತ್ರಗಳು ಖಾಲಿಯಿರುತ್ತವೆ, ಆದರೆ ಆ ದಿನಗಳು ಮದುವೆಯ ಮನೆಗೂ ಉಪಯೋಗಕ್ಕೆ ಬಾರವು. ಉಪಯೋಗಕ್ಕೆ ಬರುವುದು ಬೇರೊಂದು ಸಂಗತಿ: ಮಾಂಗಲ್ಯಧಾರಣೆಗೆ ಲಗ್ನ ಬೇಕು, ಕೈಕುಲುಕಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಬೇಕಿಲ್ಲ. ಮುಹೂರ್ತವನ್ನು ದೇವಸ್ಥಾನದಲ್ಲಿ ಮುಗಿಸಿ, ಆರತಕ್ಷತೆಯನ್ನು ಮುಹೂರ್ತವಿಲ್ಲದ ವಾರದ ನಡುವಿನ ದಿನಕ್ಕೆ ಸರಿಸಲು ಸಿದ್ಧವಿರುವ ಕುಟುಂಬದೊಡನೆ ವ್ಯವಸ್ಥಾಪಕರು ಮಾತನಾಡುವ ಧಾಟಿಯೇ ಬೇರೆಯಾಗಿರುತ್ತದೆ.

ಹಣ ಸೋರುವ ಸ್ಥಳವೆಂದರೆ ಭದ್ರತಾ ಠೇವಣಿ, ಅಂದರೆ ಬಾಡಿಗೆಯ ಹೊರತಾಗಿ ಮೊದಲೇ ಪಡೆದಿಟ್ಟುಕೊಂಡು, ವಿದ್ಯುತ್ತು, ಜನರೇಟರ್, ನೀರು, ಸ್ವಚ್ಛತೆ, ಒಡೆದ ಅಥವಾ ಕಾಣೆಯಾದ ಪಾತ್ರೆಗಳ ಬಾಬ್ತನ್ನು ಕಳೆದು ಹಿಂದಿರುಗಿಸುವ ಮೊತ್ತ. ಈ ಲೆಕ್ಕ ನಡೆಯುವುದು ಹೆಣ್ಣು ಕಳಿಸಿಕೊಡುವ ಗಳಿಗೆಯಲ್ಲಿ, ಮನೆಯವರೆಲ್ಲ ಎರಡು ರಾತ್ರಿ ನಿದ್ದೆಗೆಟ್ಟು, ಕಣ್ಣೊರೆಸಿಕೊಳ್ಳುತ್ತಿರುವಾಗ. ಈ ಅಂಕಣಕಾರರ ಮನೆಯ ಮೊದಲ ಮದುವೆಯಲ್ಲಿ 50,000 ರೂಪಾಯಿ ಠೇವಣಿಯ ಪೈಕಿ ಹಿಂದಿರುಗಿದ್ದು 18,500 ಮಾತ್ರ. ವಿದ್ಯುತ್ ಮೀಟರಿನ ಆರಂಭದ ಅಂಕಿಯನ್ನು ಮನೆಯ ಕಡೆಯವರು ಯಾರೂ ಬರೆದಿಟ್ಟುಕೊಂಡಿರದ ಕಾರಣ, ಹಿಂದಿನ ಮದುವೆಯ ರಾತ್ರಿ ಉರಿದ ದೀಪಗಳೂ ಈ ಮನೆಯ ಲೆಕ್ಕಕ್ಕೆ ಸೇರಿದವೇ ಎಂಬುದನ್ನು ತಿಳಿಯುವ ದಾರಿಯೇ ಉಳಿದಿರಲಿಲ್ಲ. ಎರಡನೆಯ ಮದುವೆಯಲ್ಲಿ ವಧುವಿನ ಸೋದರಮಾವನಿಗೆ ಬೇರಾವ ಕೆಲಸವನ್ನೂ ವಹಿಸದೆ, ಬೀಗ ಪಡೆಯುವಾಗಲೂ ಒಪ್ಪಿಸುವಾಗಲೂ ಮೀಟರಿನ ಚಿತ್ರ ತೆಗೆಯುವುದು, ಜನರೇಟರ್ ಓಡಿದ ಹೊತ್ತನ್ನು ಗುರುತುಹಾಕುವುದು, ಪಾತ್ರೆಗಳನ್ನು ಎಣಿಸಿ ರುಜು ಹಾಕಿಸಿಕೊಳ್ಳುವುದು ಇಷ್ಟನ್ನೇ ಒಪ್ಪಿಸಲಾಯಿತು. ಯೂನಿಟ್ಟಿನ ದರ ಮುಂಚೆಯೇ ಬರಹದಲ್ಲಿದ್ದುದರಿಂದ ವಾದಕ್ಕೆ ಎಡೆಯಾಗಲಿಲ್ಲ. ಹೊರಗಿನ ಅಡುಗೆಯವರನ್ನೋ ಅಲಂಕಾರದವರನ್ನೋ ಕರೆತಂದರೆ ಛತ್ರದವರು ವಸೂಲುಮಾಡುವ 'ರಾಯಲ್ಟಿ'ಯೂ ಇದೇ ಜಾತಿಯದು, ಅದನ್ನು ಮುಂಗಡಕ್ಕೆ ಮೊದಲೇ ಕೇಳಬೇಕು. ಮುಂಗಡ ಕೈದಾಟಿದ ಮೇಲೆ ಕೇಳುವ ಪ್ರಶ್ನೆಗಳಿಗೆ ಚೌಕಾಸಿಯ ಬೆಲೆಯಿರುವುದಿಲ್ಲ.

ಊಟವೂ ಸ್ಥಳದವರದೇ ಆದಲ್ಲಿ ಕನಿಷ್ಠ ಎಲೆಗಳ ಖಾತರಿ ಎಂಬ ಷರತ್ತು ಬರುತ್ತದೆ: 500 ಎಲೆ, ಎಲೆಯೊಂದಕ್ಕೆ 600 ರೂಪಾಯಿ ಎಂದು ಒಪ್ಪಿ, ಬಂದವರು 400 ಮಂದಿಯಾದರೆ ಉಣ್ಣದ ನೂರು ಎಲೆಗಳಿಗೆ 60,000 ರೂಪಾಯಿ ತೆರಬೇಕಾಗುತ್ತದೆ. ಖಾತರಿಯ ಸಂಖ್ಯೆಯನ್ನು ತಗ್ಗಿಸಿ, ಹೆಚ್ಚಾದ ಎಲೆಗಳಿಗೆ ಅದೇ ದರ ಎಂದು ಬರೆಸುವುದು ಎಲೆಗೆ ಇಪ್ಪತ್ತು ರೂಪಾಯಿ ಇಳಿಸುವುದಕ್ಕಿಂತ ಲಾಭಕರ.

ಸಭಾಂಗಣದ ಬಾಡಿಗೆಗೆ ಶೇ 18ರ ಜಿಎಸ್‌ಟಿ ಅನ್ವಯಿಸುವುದರಿಂದ, ಎರಡು ಲಕ್ಷದ ಬಾಡಿಗೆ ತೆರಿಗೆ ಸೇರಿ 2,36,000 ಆಗುತ್ತದೆ. ರಸೀದಿಯಿಲ್ಲದೆ ನಗದು ಕೊಟ್ಟರೆ ಈ ತೆರಿಗೆ ಉಳಿಯುತ್ತದೆಂಬ ಸಲಹೆ ಕೆಲವೆಡೆ ಪಿಸುಮಾತಿನಲ್ಲಿ ಬರುವುದುಂಟು. ಆದರೆ ಒಂದೇ ಸಮಾರಂಭದ ಬಾಬ್ತು ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ, ದಂಡ ಬೀಳುವುದು ಪಡೆದವರ ಮೇಲೆ. ಕೊಟ್ಟವರು ಕಳೆದುಕೊಳ್ಳುವುದು ಕೊಟ್ಟದ್ದಕ್ಕೆ ಇದ್ದ ಸಾಕ್ಷ್ಯವನ್ನು.

'ಮುಂಗಡ ಯಾವ ಕಾರಣಕ್ಕೂ ಹಿಂದಿರುಗದು' ಎಂಬ ಅಚ್ಚಾದ ಸಾಲನ್ನು ಅಂತಿಮವೆಂದು ಭಾವಿಸಬೇಕಾಗಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು ಕರಾರು ಮುರಿದವರಿಂದ ಸಮಂಜಸ ಪರಿಹಾರವನ್ನಷ್ಟೇ ಕೊಡಿಸುತ್ತದೆ; ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ನಷ್ಟವಿಲ್ಲದೆ ಪರಿಹಾರವಿಲ್ಲವೆಂದು ಸ್ಪಷ್ಟಪಡಿಸಿತು. ಅದೇ ದಿನಕ್ಕೆ ಛತ್ರ ಮತ್ತೊಬ್ಬರಿಗೆ ಹೋದರೆ ಮುಂಗಡ ವಾಪಸು ಎಂಬ ಷರತ್ತನ್ನು ಕೇಳುವುದಕ್ಕೆ ಇದೇ ಆಧಾರ. ಆದರೆ ನ್ಯಾಯಾಲಯದ ದಾರಿ ಹಿಡಿಯುವ ಮದುವೆಮನೆಗಳು ವಿರಳ, ಮತ್ತು ದಿನ ತಪ್ಪಿಸುವ ನಿಜವಾದ ಕಾರಣ ಬಹುಪಾಲು ಸೂತಕ. ಮನೆಯಲ್ಲಿ ಸಾವಾದರೆ ಶುಭಕಾರ್ಯ ಮುಂದೆ ಹೋಗುತ್ತದೆ, ಅದನ್ನು ಕಾನೂನು ಅಸಾಧ್ಯತೆ ಎಂದು ಪರಿಗಣಿಸುವ ಭರವಸೆಯಿಲ್ಲ. ಎರಡನೆಯ ಮದುವೆಯ ವೇಳೆ ವ್ಯವಸ್ಥಾಪಕರು ಹಣ ಹಿಂದಿರುಗಿಸಲು ಒಪ್ಪದಿದ್ದರೂ, ಸೂತಕ ಬಂದಲ್ಲಿ ಒಂದು ವರ್ಷದೊಳಗಿನ ಬೇರೆ ದಿನಕ್ಕೆ ಅದೇ ಬಾಡಿಗೆಗೆ ಒಮ್ಮೆ ಬದಲಾಯಿಸಿಕೊಡುವುದಾಗಿ ರಸೀದಿಯ ಹಿಂಬದಿಯಲ್ಲಿ ಎರಡು ಸಾಲು ಬರೆದುಕೊಟ್ಟರು. ಆ ಸಾಲುಗಳ ಕೆಳಗೆ ಛತ್ರದ ಮೊಹರು ಬೀಳಲು ಮಾತ್ರ ಇನ್ನೆರಡು ಸಲ ಹೋಗಿಬರಬೇಕಾಯಿತು.